ಬೆವರುವ ಗೋಡೆ, ನಿಮ್ಮ ಮಣ್ಣಿನ ರಂಗ

ಮೈಕಿಲ್ಲದೆ ಎಂಟು ದಿಕ್ಕಿಗೂ ಕೇಳಿಸುತ್ತಿದ್ದ ನನ್ನ ಅಪ್ಪನಿಗೆ,

ಮದರಾಸಿನ ಅಡ್ಯಾರಿನಲ್ಲಿ ಈ ಮನೆ ಕಟ್ಟಿಸುವಾಗ ಹಿತ್ತಲಲ್ಲಿ ನಿಂತು ನೀವು ಘರ್ಜಿಸಿದ್ದು ನೆನಪಿದೆಯಾ? "ಊಟದ ಮನೆ ಚಿಕ್ಕದಾದರೂ ಚಿಂತೆಯಿಲ್ಲ, ರಂಗ ಬೇಕು!" ಲಾರಿಯಲ್ಲಿ ಮಣ್ಣು ತರಿಸಿ, ಮನೆಯ ಗೋಡೆಗೇ ಒತ್ತಿ, ಸೊಂಟದೆತ್ತರಕ್ಕೆ ರಂಗ ಕಟ್ಟಿಸಿದಿರಿ. ಅದೇ ಗೋಡೆಯ ಒಳಗಡೆ, ನೆಲದಲ್ಲಿ ಅರ್ಧ ಹೂತಂತಿರುವ ಕೋಣೆಯಲ್ಲಿ ನಮ್ಮ ಕಿರೀಟ, ಗದೆ, ಪರದೆಗಳ ಸಂಸಾರ. ಭಾನುವಾರ ತಾಲೀಮಿಗೆ ಮುಂಚೆ ಧೂಳೇಳದಿರಲೆಂದು ರಂಗಕ್ಕೆ ಕೊಡಗಟ್ಟಲೆ ನೀರು. ಆಹಾ, ಆ ಮಣ್ಣಿನ ವಾಸನೆ...

ಹೋದ ದೀಪಾವಳಿ ಕಳೆದ ಮೇಲೆ ನಿಮ್ಮ ಮೊಮ್ಮಗಳು ಕಿರೀಟ ತರಲು ಆ ಕೋಣೆಗೆ ಇಳಿದವಳು ತಮಿಳಿನಲ್ಲೇ ಕೂಗಿದಳು: "ಅಪ್ಪಾ, ಸುವರ್ ಅಳುದು ಪಾ!" ಗೋಡೆ ಅಳುತ್ತಿದೆಯಂತೆ! ಹೋಗಿ ನೋಡುತ್ತೇನೆ, ಅಡಿಪಾಯದ ಬ್ಲಾಕುಗಳಿಗೆ ಬಳಿದ ವಾಟರ್‌ಪ್ರೂಫ್ ಬಣ್ಣದ ಮೇಲೆ ಒಂದೊಂದು ಬ್ಲಾಕಿನ ಅಚ್ಚೂ ತೇವದಲ್ಲಿ ಮೂಡಿದೆ. ಅಲ್ಲಲ್ಲಿ ಗುಳ್ಳೆ, ಒತ್ತಿದರೆ ನೀರು. ನೀವೇ ಬರೆದ ದರ್ಬಾರಿನ ಪರದೆಯ ಅಂಚಿಗೆ ಬೂಷ್ಟು! ನಾನೇನು ಮಾಡಿದೆ ಹೇಳಿ? ನಿಮ್ಮ ಮಗನಲ್ಲವೇ, ಇನ್ನೊಂದು ಕೋಟ್ ಬಳಿದೆ. ಅದು ಸರಿಯಾಗಿ ಒಣಗುವ ಮೊದಲೇ ಕಲೆ ಮತ್ತೆ ಪ್ರವೇಶ!

ಅಮ್ಮ ಬಾಗಿಲಲ್ಲಿ ನಿಂತು ನಕ್ಕಿದ್ದನ್ನು ನೀವು ಕೇಳಬೇಕಿತ್ತು. ನಿಮ್ಮ ನಾಟಕ ಕಂಪನಿಯವರಿಗೆಲ್ಲ ಬಣ್ಣ ಹಚ್ಚಿದ ಕೈಯಲ್ಲವೇ ಅವಳದು? "ಬೆವರು ಒರೆಸದೆ ಬಣ್ಣ ಹಚ್ಚಿದ್ರೆ ನಿಲ್ಲುತ್ತೇನೋ? ಎಲ್ಲಿಂದ ಬೆವರ್ತಿದೆ ನೋಡು ಮೊದಲು." ನೋಡಿದೆ. ಗೋಡೆಯ ತೇವ ಏರಿದ್ದು ಎಲ್ಲಿವರೆಗೆ? ಹೊರಗಿನ ರಂಗದ ಎತ್ತರಕ್ಕೆ ಸರಿಯಾಗಿ! ನಾಟಕದವರ ಮನೆಯಲ್ಲದೆ ಇನ್ಯಾರ ಮನೆಯಲ್ಲಿ ಅಡಿಪಾಯಕ್ಕೆ ವಾರವಾರ ಅಭಿಷೇಕ ನಡೆದೀತು?

"ಮಣ್ಣು ತೆಗೆಸು" ಅಂದಳು.

"ಅಮ್ಮಾ! ಅದು ಅಪ್ಪ ನಿಂತ ರಂಗ!" ನನ್ನ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

"ಮಣ್ಣು ಉಳಿಸ್ಕೊಂಡ್ರೆ ಅವರ ಪರದೆ ಹೋಗುತ್ತೆ, ಗೋಡೆನೂ ಹೋಗುತ್ತೆ. ನಿಮ್ಮಪ್ಪ ಮಣ್ಣಲ್ಲೇನಿಲ್ಲ ಕಣೋ, ನಿನ್ನ ಗಂಟಲಲ್ಲಿ ಕೂತಿದ್ದಾರೆ. ನನಗೆ ಅದೇ ಸಾಕಾಗಿದೆ."

ಮೊದಲ ಗುದ್ದಲಿ ಬಿದ್ದ ದಿನ ನಾನು ಹಿತ್ತಲ ಕಡೆ ತಲೆ ಹಾಕಲಿಲ್ಲ. ಬೇಡ, ಆ ಅಂಕ ಬಿಟ್ಟುಬಿಡೋಣ... ಹಳೆ ಬಣ್ಣ ಕೆರೆಸಿ, ಗೋಡೆಯನ್ನು ಬಿಸಿಲಿಗೆ ಬಿಟ್ಟೆವು. ಮದರಾಸಿನ ಬಿಸಿಲು ಅಪ್ಪಾ, ಅದಕ್ಕೆ ತಾಲೀಮು ಬೇಕೇ? ಪೂರ್ತಿ ಒಣಗಿದ ಮೇಲೆ ಹೊರಗಡೆಯಿಂದ ಹೊಸ ಲೇಪ ಹಾಕಿಸಿದೆ. ಅದಾದ ಮೇಲೆ ಒಂದು ಜೋರು ಮಳೆಯೂ ಬಂದು ಹೋಯಿತು. ಒಳಗೆ ಒಂದು ಹನಿಯಿಲ್ಲ! ನಿಮ್ಮ ದರ್ಬಾರು ಕ್ಷೇಮ.

ಈಗ ನೀವು ಕೇಳಿರದ ಸುದ್ದಿ. ಮೊನ್ನೆ ಭಾನುವಾರ ಸಮತಟ್ಟಾದ ಹಿತ್ತಲಲ್ಲಿ ತಾಲೀಮು. ನಾನು ರಾಜ. "ಯಾರಲ್ಲಿ?" ಎಂದು ಗುಡುಗಿದೆ. ಮಂಡಿ ನೋವಿನಿಂದ ರಂಗದ ಮೆಟ್ಟಿಲು ಹತ್ತಲಾಗದೆ ಇಷ್ಟು ವರ್ಷ ಕೆಳಗೇ ಕೂತಿದ್ದ ಅಮ್ಮ, ಕಾಫಿ ಲೋಟ ಹಿಡಿದು ನೇರ ಸಭೆಯ ನಡುವೆ ನಡೆದು ಬಂದಳು.

"ನಾನು ಕಣೋ, ಹೆತ್ತವಳು. ಆಮೇಲೆ ಕೂಗು, ಕಾಫಿ ಆರುತ್ತೆ."

ಮಂತ್ರಿ, ಸೇನಾಪತಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜಮಾತೆಯ ಪಾತ್ರ ಅವಳಿಗೇ ಎಂದು ಅಲ್ಲೇ ತೀರ್ಮಾನವಾಯಿತು! ಒಪ್ಪಿದ್ದಾಳೆ, ಆದರೆ ಒಂದು ಷರತ್ತು: ಬರೆದ ಮಾತು ಹೇಳುವುದಿಲ್ಲವಂತೆ, ತನಗೆ ತೋಚಿದ್ದನ್ನೇ ಹೇಳುತ್ತಾಳಂತೆ.

ಅಪ್ಪಾ, ಮೂರನೇ ಅಂಕದವರೆಗೆ ನನ್ನ ರಾಜ್ಯ ಉಳಿದೀತೇ?

ನಿಮ್ಮ ಮಗ