ಕೂತವರನ್ನು ಮಲಗಿಸಲು ಒಪ್ಪಿದವರಿಗೆ

ಇಸವಿ ೨೧೯೨ರ ಬೇಗೆ ತಿಂಗಳ ನಾಲ್ಕನೆಯ ದಿನ, ನಮ್ಮ ಮಜಲೂರಿನ ಪಾಲನಾ ಮಂಡಳಿಯ ಆಳುಗಳು ನನ್ನ ಗಂಡ ಈರಸಂಗಪ್ಪನವರ ಎರಡೂ ಮೊಣಕಾಲುಗಳನ್ನು ಕಬ್ಬಿಣದ ಸಲಾಕೆಯಿಂದ ಮುರಿದರು. ಆಗ ನನ್ನ ಗಂಡ ಉಸಿರು ಬಿಟ್ಟು ಅರ್ಧ ದಿನವಾಗಿತ್ತು. ಈ ಕೆಲಸಕ್ಕೆ ಅಪ್ಪಣೆ ಕೊಟ್ಟವರು ನೂರೈವತ್ತು ವರ್ಷ ಹಿಂದಿನ ನೀವು. ನಿಮ್ಮ ಲೆಕ್ಕದಲ್ಲಿ, ಇನ್ನು ಮುಂದೆ ಕೊಡಲಿರುವವರು. ಆದ್ದರಿಂದ ದಾನಮ್ಮನಾದ ನಾನು ನಿಮಗೇ ಬರೆಯುತ್ತಿದ್ದೇನೆ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಏಪ್ರಿಲ್ ಮೇ ನಡುವೆ ಯಾರೂ ಹೊರಗೆ ಕಾಲಿಡಲಾಗದ ದಿನಗಳು ಹೆಚ್ಚುತ್ತ ಹೋದಾಗ ನಾವು ಅವನ್ನು ಪಂಚಾಂಗದಿಂದ ಬಿಡಿಸಿ ಬೇಗೆ ತಿಂಗಳೆಂದು ಕರೆದೆವು. ಮಜಲೂರು ಎಂದರೆ ಗುಡ್ಡದ ಹೊಟ್ಟೆಯೊಳಗೆ ಅಂತಸ್ತು ಅಂತಸ್ತಾಗಿ ಕೊರೆದ ಊರು. ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಂದು ಜೋಳ ಬೆಳೆಯುತ್ತೇವೆ, ರೊಟ್ಟಿಯನ್ನು ಇನ್ನೂ ಕೈಯಲ್ಲೇ ಬಡಿಯುತ್ತೇವೆ. ಹುಟ್ಟಿದ ಕೂಸಿಗೆ ನಾಡಿಬಳೆ ತೊಡಿಸುತ್ತಾರೆ. ನಾಡಿ ನಿಂತ ಗಳಿಗೆಯಲ್ಲೇ ಅದು ಮಂಡಳಿಗೆ ಸುದ್ದಿ ಮುಟ್ಟಿಸುತ್ತದೆ. ಮನೆಯವರು ಅಳಲು ಶುರುಮಾಡುವ ಮೊದಲೇ ಉದ್ದನೆಯ ಪೆಟ್ಟಿಗೆ ಹೊತ್ತ ಒಯ್ಯಾಳುಗಳು ಬಾಗಿಲಲ್ಲಿ ನಿಂತಿರುತ್ತಾರೆ.

ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣಿಗೂ ಅವರು ಕೂತೇ ಹೋಗುತ್ತಾರೆ. ನಿಮ್ಮಲ್ಲೂ ಬಹಳ ಜನರಿಗೆ ಇದು ಹೊಸತಲ್ಲ. ಆದ್ದರಿಂದ ಒಬ್ಬರು ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅಳುವುದಲ್ಲ. ಕಣ್ಣು ಮುಚ್ಚಿಸಬೇಕು. ಬಾಯಿ ತೆರೆದುಕೊಳ್ಳದಂತೆ ಗದ್ದಕ್ಕೆ ಬಟ್ಟೆ ಕಟ್ಟಬೇಕು. ಬೆರಳು ಊದುವ ಮೊದಲು ಉಂಗುರ ತೆಗೆಯಬೇಕು. ಮೈ ಸೆಟೆಯುವುದರೊಳಗೆ ಕಾಲು ಮಡಿಸಿ, ಚಕ್ಕಳಮಕ್ಕಳ ಕೂರಿಸಿ, ಗೋಡೆಗೆ ಒರಗಿಸಿ, ಎದೆಗೆ ಧೋತರ ಸುತ್ತಿ ಗೂಟಕ್ಕೆ ಬಿಗಿಯಬೇಕು. ತಡವಾದರೆ ಮಂಡಿ ಮಾತು ಕೇಳುವುದಿಲ್ಲ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಮುಂಚೆ ಇನ್ನೊಂದು ಕೆಲಸವಿದೆ. ಕೊನೆಯುಸಿರು ಎಳೆಯುತ್ತಿರುವಾಗಲೇ ಬಳೆಯನ್ನು ಬಿಚ್ಚಿ ಬದುಕಿರುವ ಒಬ್ಬರ ಕೈಗೆ ಹಾಕಬೇಕು. ತಿಳಿದವರು, ನಾಡಿ ನಿಧಾನವಾಗಿಯೇ ಇರಲೆಂದು, ಮನೆಯ ಮುದುಕರೊಬ್ಬರ ಕೈಗೆ ಹಾಕಿ ಮೂಲೆಯಲ್ಲಿ ಕೂರಿಸುತ್ತಾರೆ.

ನಮ್ಮ ಮನೆಯಲ್ಲಿ ಅದನ್ನು ತೊಟ್ಟವನು ನನ್ನ ಮೈದುನ ಮಡಿವಾಳಪ್ಪ. ಅವನದು ಕುಸ್ತಿಯಾಡಿದ ಮೈ. ಅಣ್ಣನಿಗೆ ಸ್ನಾನ ಮಾಡಿಸಲು ಕೆಳಗಿನ ಬಾವಿಯಿಂದ ನೀರು ಹೊತ್ತು ಮೆಟ್ಟಿಲು ಹತ್ತಿ ಬಂದ. ಅವನ ನಾಡಿಯ ಓಟಕ್ಕೆ ಬಳೆಯ ದೀಪ ಕುಣಿಯುತ್ತಿತ್ತು.

"ನೋಡ್ರಿ ವೈನಿ, ಸತ್ತ ಮ್ಯಾಗ ನಮ್ಮಣ್ಣಗ ಹರೇ ಬಂದೈತಿ," ಎಂದ. ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ನಾನು ಅಳುತ್ತಲೇ ನಕ್ಕೆ.

ಬಳೆಯ ಬಡಿತವನ್ನು ದೂರದಿಂದಲೇ ನೋಡುತ್ತಿದ್ದ ಮಂಡಳಿಯವರು ನಗಲಿಲ್ಲ. ಸಾಯುತ್ತ ಬಿದ್ದಿದ್ದ ಮುದುಕನ ನಾಡಿ ಹೀಗೆ ಓಡುವುದು ಹೇಗೆಂದು ನೋಡಲು ಬಂದರು. ಬಾಗಿಲು ತೆಗೆಯದಿದ್ದಾಗ ಒದ್ದು ಮುರಿದರು.

"ಅಜ್ಜಾರು ಕುಂತಾರಲ್ಲಬೇ. ನಮ್ಮ ಪೆಟಗಿ ಉದ್ದಕ ಐತಿ," ಎಂದ ಒಬ್ಬ ಒಯ್ಯಾಳು.

"ಹಂಗಾರ ಪೆಟಗಿ ಕತ್ತರಿಸ್ಕೋರಿ," ಎಂದ ಮಡಿವಾಳಪ್ಪ.

"ಶಾಣ್ಯಾತನ ಸಾಕು. ಸರಿ ಅತ್ಲಾಗ."

ಅವನು ಸರಿಯಲಿಲ್ಲ. ಸಲಾಕೆ ಅವನ ಬಾಯಿಗೆ ಬಿತ್ತು. ಹಲ್ಲು ಉಗುಳಿ, ಹೊಡೆದವನ ಕುತ್ತಿಗೆ ಹಿಡಿದು ಬಂಡೆಗೋಡೆಗೆ ಅಪ್ಪಳಿಸಿದ. ಉಳಿದವರು ಅವನ ಮೇಲೆ ಬಿದ್ದು ತೋಳು ತಿರುಚಿ ಮುರಿದರು; ಕೆಳಗೆ ಬಿದ್ದ ಮೇಲೂ ಪಕ್ಕೆಗೆ ಒದ್ದರು. ಸ್ನಾನಕ್ಕೆ ತಂದ ನೀರು ಕೆಂಪಾಗಿ ಹೊಸ್ತಿಲ ಹೊರಗೆ ಹರಿಯಿತು. ಆಮೇಲೆ ಧೋತರ ಕೊಯ್ದರು. ನನ್ನ ಗಂಡ ಕೂತ ಭಂಗಿಯಲ್ಲೇ ಪಕ್ಕಕ್ಕೆ ಉರುಳಿದರು. ಕಾಲು ಜಗ್ಗಿದರು, ಬಿಚ್ಚಲಿಲ್ಲ. ಸಲಾಕೆ ಎತ್ತಿದವನು ನನ್ನತ್ತ ನೋಡಿ, "ಆ ಕಡೆ ಮುಖ ಮಾಡ್ರಿ ಯವ್ವಾ," ಎಂದ. ನಾನು ಮಾಡಲಿಲ್ಲ. ಕಬ್ಬನ್ನು ಮಂಡಿಗೆ ಕೊಟ್ಟು ಮುರಿದವರಿಗೆ ಆ ಸದ್ದು ಗೊತ್ತು.

ಮರುದಿನ ಮಂಡಳಿಯ ಮುಂದೆ ನಿಂತು ಅವರನ್ನು ಹಿಂದಕ್ಕೆ ಕೊಡಿ, ಕೂರಿಸಿ ಮಣ್ಣು ಮಾಡುತ್ತೇನೆ ಎಂದೆ. ಹಿರಿಯ ಅಧಿಕಾರಿ ಸಭ್ಯನಾಗಿಯೇ ಮಾತಾಡಿದ. ನಿಯಮ ತನ್ನದಲ್ಲ, ನೂರೈವತ್ತು ವರ್ಷ ಹಳೆಯದು. ಅದನ್ನು ಮಾಡಿದ ದಿನ ಒಬ್ಬರಾದರೂ ಬೇಡವೆಂದಿದ್ದರೆ ಮರುವಿಚಾರಣೆಗೆ ದಾರಿಯಿದೆ ಎಂದ. ಅಲ್ಲಿಯವರೆಗೆ ದೇಹ ತಣ್ಣನೆಯ ಕೋಣೆಯಲ್ಲಿರುತ್ತದೆ, ಬೇಗೆ ಮುಗಿದ ಮೇಲೆ ಸುಡುತ್ತಾರೆ.

ನಾನು ಹಳೆಯ ಪತ್ರಿಕೆಗಳನ್ನು ಓದುತ್ತಲೇ ಮುದುಕಿಯಾದವಳು. ನೀವು ಹೇಗೆ ಇಲ್ಲಿಗೆ ಬಂದಿರೆಂದು ಬಲ್ಲೆ. ರೋಗ ಹಬ್ಬಿದ ಕಾಲದಲ್ಲಿ ಹೆದರಿ ನಿಮ್ಮವರನ್ನು ಚೀಲದಲ್ಲಿ ಸುತ್ತಿ ಪರರ ಕೈಗೆ ಕೊಟ್ಟಿರಿ. ಆಗ ಅದು ಅನಿವಾರ್ಯವಾಗಿತ್ತು, ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ರೋಗ ಹೋಯಿತು, ಕೊಡುವ ರೂಢಿ ಉಳಿಯಿತು. ಹೆಣ ತೊಳೆಯುವ, ಕಟ್ಟುವ, ಹೊರುವ ಕೆಲಸ ತಪ್ಪಿತಲ್ಲ ಎಂದು ನಿಮಗೆ ಒಳಗೊಳಗೇ ಹಾಯೆನಿಸಿತು. ಆಮೇಲೊಂದು ಸಭೆಯಲ್ಲಿ, ಸತ್ತವರನ್ನು ಮಲಗಿಸಿಯೇ ಒಪ್ಪಿಸತಕ್ಕದ್ದು, ಒಪ್ಪಿಸದಿದ್ದರೆ ಬಲ ಬಳಸಬಹುದು ಎಂಬ ಮಾತು ಓದಿದರು. ಕೂರಿಸುವ ಮನೆಗಳವರೂ ಅಲ್ಲಿದ್ದರು. ಚಹಾ ಬಂದಿತ್ತು. ಎಲ್ಲರೂ ಕೈ ಎತ್ತಿದರು.

ಆ ಸಭೆ ನಿಮಗೆ ಇನ್ನೂ ಮುಂದಿದೆ. ಅಲ್ಲಿ ಎದ್ದು ನಿಲ್ಲಿ. ಮನೆಯಲ್ಲಿ ಸತ್ತ ಮನುಷ್ಯ ಯಾರಿಗೆ ಸೇರಿದವನು, ಅವನ ಮೈಮೇಲೆ ಸಲಾಕೆ ಎತ್ತುವ ಹಕ್ಕನ್ನು ಯಾರ ಹೆಸರಿನಲ್ಲಿ ಕೊಡುತ್ತಿದ್ದೀರಿ, ಎಲ್ಲರ ಮುಂದೆ ಹೇಳಿ. ಹೇಳಿದ್ದನ್ನು ನಿಮ್ಮ ಹೆಸರಿನ ಸಮೇತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಸಭೆಯ ಮರುದಿನದ ಆ ಪುಟವನ್ನು ನಿನ್ನೆಯೂ ತೆರೆದು ನೋಡಿದೆ. ಬೇಡವೆಂದವರ ಒಂದು ಹೆಸರೂ ಅದರಲ್ಲಿಲ್ಲ. ನಾಳೆ ಗ್ರಂಥಾಲಯದ ಬಾಗಿಲು ತೆಗೆದ ಕೂಡಲೇ ಮತ್ತೆ ತೆರೆಯುತ್ತೇನೆ. ಉತ್ತರ ಅಲ್ಲಿರಲಿ.