ಚುಕ್ಕಾಣಿಯ ಪಕ್ಕದ ಜಾಗ

ಮಾರ್ಚ್ ೯, ಭಾನುವಾರ. ದಡದ ಶೆಡ್ಡಿನಲ್ಲಿದ್ದೇನೆ, ಬಟ್ಟೆ ಇನ್ನೂ ಒದ್ದೆ.

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಾನೂ ಅಕ್ಕನೂ ಹಾಯಿದೋಣಿ ಇಳಿಸಿದೆವು. ದೋಣಿಯ ಹಿಂತುದಿಯಲ್ಲಿ, ಚುಕ್ಕಾಣಿಯ ಪಕ್ಕದ ನಿಮ್ಮ ಜಾಗದಲ್ಲಿ ಕೂರಲು ಮನಸ್ಸಾಗಲಿಲ್ಲ. ಇಬ್ಬರೂ ಎಂದಿನಂತೆ ಮುಂದೆಯೇ ಕುಳಿತೆವು. ಚುಕ್ಕಾಣಿಯ ಹಿಡಿಯನ್ನು ನಾನು ಕೈಚಾಚಿ ಹಿಡಿದಿದ್ದೆ. ಗಾಳಿ ಜೋರಾದದ್ದೇ ತಡ, ಹಿಂದೆ ಭಾರವಿಲ್ಲದ ದೋಣಿ ಮೂತಿ ಮುಳುಗಿಸಿತು. ನೀರು ಒಳನುಗ್ಗಿತು, ಅಕ್ಕ ಹೊರಗೆ ಬಿದ್ದಳು.

ಅಂಚು ಹಿಡಿದು ನೇತಾಡುತ್ತ ಕಿರುಚಿದಳು: "ಹಿಂದಕ್ಕೆ ಹೋಗೋ ಪೆದ್ದ! ಅಪ್ಪ ಏನು ಎದ್ದು ಬಂದು ಬೈತಾರಾ?"

ಹಿಂದಕ್ಕೆ ಸರಿದೆ. ಮೂತಿ ಮೇಲೆದ್ದಿತು. ಅವಳನ್ನು ಎಳೆದುಕೊಂಡೆ.

ಅಕ್ಕ ಈಗ ನಗುತ್ತಿದ್ದಾಳೆ. ನೀವು ಬೈದಿದ್ದರೆ ಚೆನ್ನಾಗಿತ್ತು.

ನಾಳೆ ದಡ ಬಿಡುವಾಗಲೇ ನಿಮ್ಮ ಜಾಗದಲ್ಲಿ ಕೂರುತ್ತೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.