ನೂರ ನಲವತ್ತೊಂದು ಉಂಗುರ

ಹಾಸ್ಟೆಲ್, ಎರಡನೇ ಮಹಡಿ
ಮಾರ್ಚ್ 14, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲಿಗೇ ಸಾರಿ, ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳ ಕನ್ನಡ ಹೇಗಿರುತ್ತದೆಂದು ನಿನಗೆ ಗೊತ್ತು, ನಗಬೇಡ. ಮೂರು ದಿನದಿಂದ ನಿನ್ನ ಫೋನು ಸ್ವಿಚ್ಡ್ ಆಫ್. ಅದಕ್ಕೇ ಇದನ್ನು ನಿನ್ನ ಲಿಫ್ಟ್ ರಿಪೇರಿ ಅಂಗಡಿಯ ಮಾಲೀಕರ ಕೈಗೆ ಕೊಡುತ್ತಿದ್ದೇನೆ. ಲಕೋಟೆಗೆ ಎರಡು ಸಲ ಅಂಟು ಹಚ್ಚಿದ್ದೇನೆ. ಹೇಗಿದ್ದೀಯಾ? ಭುಜದ ನೋವು ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬೂಟಿಗೆ ಹೊಸ ಲೇಸು ಕೊಂಡೆಯಾ, ಇಲ್ಲ ಇನ್ನೂ ಆ ಕೆಂಪು ವೈರನ್ನೇ ಕಟ್ಟಿಕೊಂಡು ಓಡಾಡುತ್ತಿದ್ದೀಯಾ? ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡಿ ನಿನ್ನನ್ನೇ ಕೇಳುತ್ತಾಳೆ. "ಬ್ಯುಸಿ ಇರ್ತಾನಮ್ಮಾ" ಎನ್ನುತ್ತೇನೆ. ನಾನು ಆರಾಮಾಗಿದ್ದೇನೆ. ಅಂದರೆ, ಬದುಕಿದ್ದೇನೆ.

ಸೋಮವಾರ ನಮ್ಮ ಲ್ಯಾಬಿನಲ್ಲಿ ನಡೆದದ್ದನ್ನು ಟಿವಿಯಲ್ಲಿ ನೋಡಿರುತ್ತೀ. ಟಿವಿಯವರು ಬಿಟ್ಟದ್ದನ್ನು ಹೇಳುತ್ತೇನೆ. ಇಲ್ಲಿನ ಆ ದೊಡ್ಡ ಹಳೆಯ ಮರವನ್ನು ಸಂತರು ಸಾವಿರ ವರ್ಷದ ಹಿಂದೆ ನೆಟ್ಟರು, ಆದ್ದರಿಂದ ಸುತ್ತಲ ಜಾಗವೆಲ್ಲ ಸಂತರದೇ ಎಂದು ಮಂತ್ರಿಗಳು ಭಾಷಣ ಬಿಗಿದು, ಮರದ ಹಿಂದಿನ ಎಂಬತ್ತು ಮನೆಗಳಿಗೆ ಖಾಲಿ ಮಾಡಿ ಎಂದು ನೋಟಿಸ್ ಅಂಟಿಸಿದರಲ್ಲ. ಆ ಮನೆಗಳಿಗೆ ಇನ್ನೂರು ವರ್ಷದ ಕಾಗದಪತ್ರಗಳಿವೆ. ಮರದ ನಿಜವಾದ ವಯಸ್ಸೆಷ್ಟು ಎಂದು ಕೋರ್ಟು ನಮ್ಮ ಲ್ಯಾಬಿನ ಮೇಷ್ಟ್ರನ್ನು ಕೇಳಿತ್ತು. ಅದಕ್ಕೆ ಮರ ಕಡಿಯಬೇಕಿಲ್ಲ ಅಣ್ಣ. ಟೊಳ್ಳು ಬೈರಿಗೆ ತಿರುಗಿಸಿ ಪೆನ್ಸಿಲಿಗಿಂತ ಸಪೂರ ಕಡ್ಡಿಯೊಂದನ್ನು ಒಳಗಿನಿಂದ ಎಳೆದುಕೊಳ್ಳುತ್ತಾರೆ, ಅಷ್ಟೆ. ಅದರ ಮೇಲೆ ವರ್ಷಕ್ಕೊಂದು ಗೆರೆ. ಅದಕ್ಕೆ ಉಂಗುರ ಎನ್ನುತ್ತಾರೆ. ನಮ್ಮ ಮೇಷ್ಟ್ರಿಗೆ ಉಂಗುರದ ಮೇಷ್ಟ್ರು ಎಂದು ಹೆಸರು ಬಿದ್ದದ್ದೇ ಹಾಗೆ. ಕಡ್ಡಿ ಮುರಿಯದಿರಲೆಂದು ಜ್ಯೂಸ್ ಕುಡಿಯುವ ಸ್ಟ್ರಾದೊಳಗೆ ತೂರಿಸಿಡುತ್ತೇವೆ. ಅಷ್ಟು ದೊಡ್ಡ ಲ್ಯಾಬಿನಲ್ಲಿ ಬೇಕರಿ ಸ್ಟ್ರಾ! ಎಣಿಸುವ ಕೆಲಸ ನನಗೇ ಕೊಟ್ಟಿದ್ದರು. ಮೊದಲ ಸಲ ನೂರ ಮೂವತ್ತೊಂಬತ್ತು ಬಂತು. "ಕನ್ನಡಕ ಒರೆಸ್ಕೊಂಡು ಮತ್ತೆ ಎಣಿಸು ಮಗೂ, ಎಂಬತ್ತು ಮನೆ ಕೂತಿವೆ ಇದರ ಮೇಲೆ" ಎಂದರು. ಮತ್ತೆ ಮೂರು ಸಲ ಎಣಿಸಿದೆ. ಮೂರು ಸಲವೂ ನೂರ ನಲವತ್ತೊಂದು.

ಮಂತ್ರಿಗಳ ದಳದವರು ನುಗ್ಗಿದಾಗ ಮಧ್ಯಾಹ್ನ ಎರಡೂವರೆ. ಮೊದಲು ಗಾಜು ಒಡೆದ ಸದ್ದು, ಆಮೇಲೆ ಕಾವಲಿನ ತಾತ ಮೆಟ್ಟಿಲಿನಿಂದ ಉರುಳಿದ ಸದ್ದು. ಕಡ್ಡಿ ಎರಡು ತುಂಡಾಗಿ ಎರಡು ಸ್ಟ್ರಾದಲ್ಲಿತ್ತು. ಎರಡನ್ನೂ ಖಾಲಿ ಜ್ಯೂಸ್ ಬಾಟಲಿಗೆ ಚುಚ್ಚಿ, ಕಸದ ಬುಟ್ಟಿಗೆ ಹಾಕಿ, ಮೇಜಿನ ಕೆಳಗೆ ತೂರಿಕೊಂಡೆ. ಟೆನ್ಶನ್ ಆದರೆ ನನಗೆ ಬಿಕ್ಕಳಿಕೆ ಬರುತ್ತದಲ್ಲ, ಬಾಯಿಗೆ ಡಸ್ಟರ್ ತುರುಕಿಕೊಂಡೆ. ನುಗ್ಗಿದವರ ಕಾಲುಗಳಷ್ಟೇ ಕಂಡವು. "ಸಂತರ ಮರಕ್ಕೇ ತೂತು ಹಾಕ್ತೀಯೇನೋ ಮುದುಕಾ" ಎಂದು ಮೇಷ್ಟ್ರ ಕೂದಲು ಹಿಡಿದು ನೆಲಕ್ಕೆ ಕೆಡವಿದರು. ಮೇಷ್ಟ್ರ ಕನ್ನಡಕ ಜಾರಿ ನನ್ನ ಮೊಣಕಾಲಿನ ಹತ್ತಿರ ಬಂತು. ಅವರ ಬಲಗೈಯನ್ನು ಸ್ಟೂಲಿಗೆ ಒತ್ತಿ ಹಿಡಿದು, "ಎಷ್ಟು ವರ್ಷ? ಈಗ ಎಣಿಸಿ ಮೇಷ್ಟ್ರೇ" ಎಂದರು. "ನೂರ ನಲವತ್ತೊಂದು." ಸುತ್ತಿಗೆ ಬಿತ್ತು. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ, ಮತ್ತೆ ಸುತ್ತಿಗೆ. ಬೆರಳು ಮುರಿದಾಗ ತುಂಬಾ ಸಣ್ಣ ಸದ್ದಾಗುತ್ತದೆ ಅಣ್ಣ, ಜೋರಾಗಿರುತ್ತದೆ ಅಂದುಕೊಂಡಿದ್ದೆ. ಯಾರೋ ನಗುತ್ತಾ, "ಸಾವಿರ ಅಂದ್ಬಿಡಿ ಸಾರ್, ಮನೆಗೆ ಹೋಗಿ ಟೀ ಕುಡೀರಿ" ಎಂದ. ನಾಲ್ಕನೇ ಬೆರಳಿಗೆ ಮೇಷ್ಟ್ರು ಸಾವಿರ ಎಂದರು. ಆ ಒಂದು ಮಾತನ್ನಷ್ಟೇ ಫೋನಿನಲ್ಲಿ ಹಿಡಿದುಕೊಂಡರು. ವಿಜ್ಞಾನಿಯೇ ಒಪ್ಪಿಕೊಂಡರು ಎಂದು ಎಲ್ಲ ಚಾನೆಲ್ಲಿನಲ್ಲೂ ಓಡುತ್ತಿರುವುದು ಅದೇ.

ಆಮೇಲೆ ಕಡ್ಡಿ ಹುಡುಕಿದರು. ಕಪಾಟು ಉರುಳಿಸಿದರು, ಫೈಲುಗಳಿಗೆ ಬೆಂಕಿ ಇಟ್ಟರು. ಸುತ್ತಿಗೆ ಹಿಡಿದವನು ನನ್ನ ಮೇಜಿನ ಹತ್ತಿರ ಬಂದು ನಿಂತ. ಸ್ವಲ್ಪ ಬಗ್ಗಿದ. ಹಾಗೇ ಒಂದು ಗಳಿಗೆ ನಿಂತಿದ್ದು, ಕಾಲಿನಿಂದ ಕಸದ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿ, "ಇಲ್ಲೇನಿಲ್ಲ, ಬರೀ ಕಸ. ನಡೀರೋ" ಎಂದ. ಎಲ್ಲರೂ ಹೋದರು. ಇಷ್ಟು ಹೊತ್ತು ಹುಡುಕಿದ್ದನ್ನೇ ಕಾಲಲ್ಲಿ ತಳ್ಳಿದ್ದು ಪಾಪ ಅವನಿಗೆ ಗೊತ್ತೇ ಇಲ್ಲ.

ಕಾವಲಿನ ತಾತ ಮಂಗಳವಾರ ಆಸ್ಪತ್ರೆಯಲ್ಲಿ ತೀರಿಹೋದರು. ಮೇಷ್ಟ್ರು ಅದೇ ವಾರ್ಡಿನಲ್ಲಿದ್ದಾರೆ. ಕೈ ನೋವಿಗೆ ಅಳುವುದಿಲ್ಲ. "ಸಾವಿರ ಅಂದ್ಬಿಟ್ನಲ್ಲ ಮಗೂ" ಎಂದು ಅಳುತ್ತಾರೆ. ಬರುವ ಸೋಮವಾರ ಹತ್ತು ಗಂಟೆಗೆ ಕೋರ್ಟು. ಮಂತ್ರಿಗಳ ದಳಕ್ಕೆ ಸೇರಿದಾಗ ನೀನು, "ಬ್ಯಾನರ್ ಕಟ್ಟೋದು ಅಷ್ಟೇ ಕಣೇ, ಅದಕ್ಕೂ ಹೆದರ್ತೀಯಲ್ಲ" ಎಂದು ನಕ್ಕಿದ್ದೆ. ನೆನಪಿದೆಯಾ? ಅಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಎಲ್ಲಿದ್ದರೂ ಹುಷಾರಾಗಿರು.

ನೀನೇ ಹೆಸರಿಟ್ಟ,
ಪುಕ್ಕಲಿ

ತಾ.ಕ.: ಕೆಂಪು ವೈರು ಕಂಡಿತು ಅಣ್ಣ. ದನಿಯೂ ಗೊತ್ತಾಯಿತು. ನನ್ನನ್ನು ಉಳಿಸಿದವನು ನೀನೇ, ಸುತ್ತಿಗೆ ಎತ್ತಿದವನೂ ನೀನೇ. ಎರಡರಲ್ಲಿ ಒಂದನ್ನು ಮಾತ್ರ ನೋಡಿದೆ ಎನ್ನಲು ನನಗೆ ಬರುವುದಿಲ್ಲ. ಕಡ್ಡಿ ಈಗ ಎಲ್ಲಿದೆ ಎಂದು ನಿನಗೂ ಹೇಳುವುದಿಲ್ಲ, ಸಾರಿ. ಸೋಮವಾರ ಅದನ್ನು ಕೋರ್ಟಿಗೆ ಕೊಡುತ್ತೇನೆ. ಯಾರನ್ನು ನೋಡಿದೆ ಎಂದು ಕೇಳಿದರೆ ಹೇಳುತ್ತೇನೆ, ಬಿಕ್ಕಳಿಸುತ್ತಲಾದರೂ ಹೇಳುತ್ತೇನೆ. ಅದಕ್ಕೆ ಮೊದಲು ನೀನೇ ಬಂದು ಹೇಳಿದರೆ ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ಬರುತ್ತೀಯಾ? ಭಾನುವಾರದೊಳಗೆ ಉತ್ತರ ಬರಿ.